ಮಾತಿನ ಗುಹೆಯ ಜೀರ್ಣೋದ್ಧಾರ

ಗಣಕಯಂತ್ರದ ಆಟ ಎಂದೊಡನೆ ಇಂದಿನವರ ಕಣ್ಣಮುಂದೆ ನಿಲ್ಲುವುದು ಓಡುವ ಕಾರು, ಸಿಡಿಯುವ ಗುಂಡು, ಬಣ್ಣಬಣ್ಣದ ಬೆಳಕು. ಆದರೆ ಚಿತ್ರದ ಒಂದು ಗೆರೆಯೂ ಇಲ್ಲದ, ಸದ್ದಿನ ಸುಳಿವೂ ಇಲ್ಲದ, ಬರಿಯ ಮಾತಿನಿಂದಲೇ ಕಟ್ಟಿದ ಆಟಗಳು ಒಂದು ಕಾಲಕ್ಕೆ ಇದ್ದವು. ಅವು ಹುಟ್ಟಿ ಐವತ್ತು ವರ್ಷಗಳಾದವು. ಅವು ಹುಟ್ಟಿದ ಯಂತ್ರಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಅವನ್ನು ಮಾರಿದ ಕಂಪನಿ ಬಾಗಿಲು ಹಾಕಿ ಮೂವತ್ತೈದು ವರ್ಷಗಳ ಮೇಲಾಯಿತು. ಆದರೂ ಆಟಗಳು ಬದುಕಿವೆ. ಕಿಸೆಯಲ್ಲಿರುವ ಫೋನಿನಲ್ಲಿಯೂ ಅವನ್ನು ಇಂದು ಆಡಬಹುದು. ಇದು ಹೇಗಾಯಿತೆಂಬುದನ್ನು ಹೇಳುವುದು ಈ ಭಾಷಣದ ಉದ್ದೇಶ. ಕನ್ನಡ ಎಂ.ಎ. ಮಾಡಿ, ಹಸ್ತಪ್ರತಿ, ಪಾಠಾಂತರ ಎಂದು ಆಯುಷ್ಯ ಕಳೆದವನಿಗೆ ಇಲ್ಲೇನು ಕೆಲಸ ಎಂದು ಕೇಳುವವರು ಕೇಳಲಿ. ಕೆಲಸವಿದೆ. ಆ ಆಟಗಳನ್ನು ಉಳಿಸಿದವರು ಮಾಡಿದ್ದು ನಮ್ಮ ಗ್ರಂಥಸಂಪಾದಕರ ಕೆಲಸವನ್ನೇ. ಅದೇ ಕೆಲಸ ಕನ್ನಡದಲ್ಲಿಯೂ ಆಗಬೇಕಾಗಿದೆ. ಅರ್ಧ ಆಗಿದೆ, ಅರ್ಧ ಉಳಿದಿದೆ.

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ಯಂತ್ರದ ತೆರೆಯ ಮೇಲೆ ನಾಲ್ಕು ವಾಕ್ಯಗಳು ಮೂಡುತ್ತವೆ: ನೀವು ಇಂಥ ಸ್ಥಳದಲ್ಲಿ ಇದ್ದೀರಿ, ಎದುರಿಗೆ ಇಂಥ ಮನೆಯಿದೆ, ಬಳಿಯಲ್ಲಿ ಹೊಳೆ ಹರಿಯುತ್ತಿದೆ ಎಂಬಂತಹ ವರ್ಣನೆ. ಆಡುವವನು ಕೀಲಿಮಣೆಯಿಂದ ಒಂದೆರಡು ಮಾತು ಒತ್ತುತ್ತಾನೆ: ಒಳಗೆ ಹೋಗು, ದೀಪ ತಗೋ, ಬಾಗಿಲು ತೆಗೆ. ಯಂತ್ರ ಅದಕ್ಕೆ ಉತ್ತರ ಕೊಡುತ್ತದೆ. ಹೀಗೆ ಮಾತಿಗೆ ಮಾತು ಸೇರಿ ಕತೆ ಮುಂದುವರಿಯುತ್ತದೆ. ಎಲ್ಲಿಯೋ ಒಂದು ಕಡೆ ದಾರಿ ಕಟ್ಟುತ್ತದೆ; ಒಗಟು ಬಿಡಿಸದ ಹೊರತು ಮುಂದಿನ ಕೋಣೆಯಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮ ಮಸಗುಪ್ಪಿಯ ಸುತ್ತಿನ ಜಾತ್ರೆಗಳಲ್ಲಿ ಹರದೇಶಿ-ನಾಗೇಶಿ ಹಾಡಿಕೆ ರಾತ್ರಿಯಿಡೀ ನಡೆಯುವುದನ್ನು ಕೇಳಿದವರು ಈಗಲೂ ಇದ್ದಾರೆ. ಒಂದು ಮೇಳ ಸವಾಲು ಹಾಕುತ್ತದೆ. ಜವಾಬು ಕೊಡದೆ ಇನ್ನೊಂದು ಮೇಳಕ್ಕೆ ಮುಂದಿನ ಹಾಡಿಲ್ಲ. ಅಲ್ಲಿ ಎದುರಾಳಿ ಮನುಷ್ಯ, ಇಲ್ಲಿ ಯಂತ್ರ. ಕಟ್ಟು ಮಾತ್ರ ಒಂದೇ.

ಈ ಬಗೆಯ ಮೊದಲ ಆಟವನ್ನು ರಚಿಸಿದವನು ವಿಲ್ ಕ್ರೌದರ್ ಎಂಬ ಅಮೆರಿಕನ್. ಮೆಸಾಚುಸೆಟ್ಸ್ ಸಂಸ್ಥಾನದ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಎಂಬ ಸಂಸ್ಥೆಯಲ್ಲಿ ಅವನ ಕೆಲಸ. ಇಂದಿನ ಇಂಟರ್ನೆಟ್ಟಿನ ತಾಯಿಬೇರಾದ ಅರ್ಪಾನೆಟ್ ಎಂಬ ಜಾಲವನ್ನು ಕಟ್ಟಿದವರಲ್ಲಿ ಅವನೂ ಒಬ್ಬ. ಆದರೆ ಅವನ ಪ್ರೀತಿ ಗುಹೆಗಳ ಮೇಲೆ. ಕೆಂಟಕಿ ಸಂಸ್ಥಾನದಲ್ಲಿ ಮ್ಯಾಮತ್ ಗುಹೆಯೆಂಬುದಿದೆ. ಜಗತ್ತಿನಲ್ಲಿ ಗೊತ್ತಿರುವ ಗುಹೆಗಳಲ್ಲೆಲ್ಲ ಅತಿ ಉದ್ದವಾದುದು, ಅಳೆದಷ್ಟೇ ೬೦೦ ಕಿಲೋಮೀಟರುಗಳಿಗೂ ಮೇಲು. ಕ್ರೌದರನೂ ಅವನ ಹೆಂಡತಿ ಪ್ಯಾಟ್ ಕೂಡ ಅಲ್ಲಿ ಹೊಟ್ಟೆಯ ಮೇಲೆ ತೆವಳಿ, ಅಳತೆ ತೆಗೆದು, ಆ ಅಂಕಿಗಳನ್ನು ಗಣಕಯಂತ್ರಕ್ಕೆ ಊಡಿಸಿ ನಕ್ಷೆ ಬರೆಸುತ್ತಿದ್ದರು. ಫ್ಲಿಂಟ್ ರಿಜ್ ಗುಹೆಗಳಿಗೂ ಮ್ಯಾಮತ್ ಗುಹೆಗೂ ಒಳದಾರಿಯಿದೆಯೆಂದು ೧೯೭೨ರಲ್ಲಿ ಕಂಡುಹಿಡಿದ ತಂಡದಲ್ಲಿ ಪ್ಯಾಟ್ ಇದ್ದಳು. ಮುಂದೆ ಗಂಡಹೆಂಡಿರು ಬೇರೆಯಾದರು. ಇಬ್ಬರು ಹೆಣ್ಣುಮಕ್ಕಳು ತಂದೆಯ ಮನೆಗೆ ಬಂದು ಹೋಗುತ್ತಿದ್ದರು. ಅವರಿಗೆ ಬೇಸರ ಬಾರದಿರಲೆಂದು, ತಾನು ಬಿಟ್ಟುಬಂದ ಗುಹೆಯನ್ನು ಮಾತಿನಲ್ಲಿ ಮತ್ತೆ ಕಟ್ಟಿ, ೧೯೭೫-೭೬ರ ಸುಮಾರಿಗೆ ಕ್ರೌದರ್ ಒಂದು ಆಟವನ್ನು ಬರೆದ. ಪಿಡಿಪಿ-೧೦ ಎಂಬ ಕಪಾಟುಗಾತ್ರದ ಯಂತ್ರದ ಮೇಲೆ, ಫೋರ್ಟ್ರಾನ್ ಎಂಬ ಗಣಕಭಾಷೆಯಲ್ಲಿ. ಲೆಕ್ಕಾಚಾರಕ್ಕೆಂದು ಹುಟ್ಟಿದ ಭಾಷೆಯಲ್ಲಿ ಗುಹೆಯ ವರ್ಣನೆ! ನಮ್ಮಲ್ಲಿ ಗಣಿತವನ್ನು ಕಂದದಲ್ಲಿ ಬರೆದವರಿದ್ದರು. ಇದು ಅದರ ತಿರುವು.

ಆಟವನ್ನು ಅರ್ಧಕ್ಕೆ ಬಿಟ್ಟು ಅವನು ಬೇರೆ ಕೆಲಸಕ್ಕೆ ಹೋದ. ಆದರೆ ಅದು ಜಾಲದ ಮೂಲಕ ಯಂತ್ರದಿಂದ ಯಂತ್ರಕ್ಕೆ ಹರಿಯಿತು. ಸ್ಟ್ಯಾನ್‌ಫರ್ಡಿನಲ್ಲಿದ್ದ ಡಾನ್ ವುಡ್ಸ್ ಎಂಬ ತರುಣ ಅದನ್ನು ಕಂಡ. ಕರ್ತೃವಿನ ಹೆಸರು ಗೊತ್ತು, ವಿಳಾಸ ಗೊತ್ತಿಲ್ಲ. ಜಾಲದಲ್ಲಿದ್ದ ಪ್ರತಿಯೊಂದು ಯಂತ್ರಕ್ಕೂ ಕ್ರೌದರ್ ಎಂಬ ಹೆಸರಿಗೆ ಓಲೆ ಕಳಿಸಿದ. ಜಾಲ ಅಷ್ಟು ಚಿಕ್ಕದಾಗಿದ್ದ ಕಾಲವದು. ಉತ್ತರ ಬಂತು, ಒಪ್ಪಿಗೆಯೂ ಬಂತು. ೧೯೭೭ರಲ್ಲಿ ವುಡ್ಸ್ ಅದನ್ನು ಬೆಳೆಸಿ, ಹೊಸ ಕೋಣೆ, ಹೊಸ ಒಗಟು, ಅಂಕಗಳ ಎಣಿಕೆ ಎಲ್ಲವನ್ನೂ ಸೇರಿಸಿ ಪೂರ್ತಿಗೊಳಿಸಿದ. ಬಾಣನ ಕಾದಂಬರಿಯನ್ನು ಮಗ ಭೂಷಣಭಟ್ಟ ಮುಗಿಸಿದಂತೆ ಎನ್ನಬಹುದು. ಲೋಕದಲ್ಲಿ ಪ್ರಸಿದ್ಧವಾದುದು ಈ ಎರಡನೆಯ ರೂಪ. ಮೊದಲನೆಯದು ಕಣ್ಮರೆಯಾಯಿತು.

ಇಲ್ಲಿಂದ ಕತೆ ನನ್ನಂಥವರ ಸೀಮೆಗೆ ಬರುತ್ತದೆ. ಪಿಡಿಪಿ-೧೦ ಯಂತ್ರಗಳು ಹಳತಾಗಿ ಮೂಲೆ ಸೇರಿದವು. ಆಟವನ್ನು ಪ್ರೀತಿಸಿದವರು ಅದನ್ನು ತಂತಮ್ಮ ಯಂತ್ರಗಳಿಗೆ ತಕ್ಕಂತೆ ಮತ್ತೆಮತ್ತೆ ಬರೆದುಕೊಂಡರು. ತಾಡೋಲೆಯ ಪ್ರತಿಕಾರರು ಮಾಡಿದ್ದೂ ಇದನ್ನೇ ಅಲ್ಲವೆ? ಒಬ್ಬ ಎರಡು ಕೋಣೆ ಹೆಚ್ಚಿಸಿದ, ಇನ್ನೊಬ್ಬ ತನಗೆ ಸೇರದ ಒಗಟನ್ನು ಬಿಟ್ಟ, ಮತ್ತೊಬ್ಬ ವಾಕ್ಯಗಳನ್ನು ತಿದ್ದಿದ. ಕೆಲವೇ ವರ್ಷಗಳಲ್ಲಿ ಪಾಠಾಂತರಗಳ ಒಂದು ವಂಶವೃಕ್ಷವೇ ಬೆಳೆಯಿತು. ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂಬ ಪ್ರಶ್ನೆ ಹುಟ್ಟಿತು. ಕ್ರೌದರನದು ಇದ್ದುದನ್ನು ಇದ್ದಂತೆ ಹೇಳುವ ಬರಿಯ ಗುಹೆಯ ವರ್ಣನೆ. ಕುಳ್ಳರು, ಮಂತ್ರಶಬ್ದ, ಮಾಯೆ ಇವೆಲ್ಲ ವುಡ್ಸನ ಸೇರ್ಪಡೆ ಎಂಬ ಮಾತು ಬಹುಕಾಲ ನಿಂತಿತ್ತು. ಕೇಳಲು ಹಿತವಾದ ಮಾತು: ಮೊದಲು ಯಥಾರ್ಥ, ಆಮೇಲೆ ಅದ್ಭುತ.

೨೦೦೫ರಲ್ಲಿ ಡೆನಿಸ್ ಜರ್ಜ್ ಎಂಬ ಪ್ರಾಧ್ಯಾಪಕರ ಹುಡುಕಾಟದಿಂದಾಗಿ, ವುಡ್ಸನ ವಿದ್ಯಾರ್ಥಿದೆಸೆಯ ಖಾತೆಯನ್ನು ಸ್ಟ್ಯಾನ್‌ಫರ್ಡಿನವರು ಕಾದಿರಿಸಿದ್ದ ಹಳೆಯ ಪ್ರತಿಗಳಲ್ಲಿ ಕ್ರೌದರನ ಮೂಲವೇ ಸಿಕ್ಕಿತು. ಈ ಜರ್ಜ್ ಯಂತ್ರಶಾಸ್ತ್ರದವರಲ್ಲ, ಇಂಗ್ಲಿಷ್ ಅಧ್ಯಾಪಕರು. ಸಾಹಿತ್ಯದ ಮೇಷ್ಟರಿಗೆ ಈ ಕೀರ್ತಿ ಸಂದಿತಲ್ಲ ಎಂದು ನನಗೆ ಸಂತೋಷ. ಅವರು ಮೂಲವನ್ನು ಸಾಲುಸಾಲಾಗಿ ಓದಿ, ಕೆಂಟಕಿಗೂ ಹೋಗಿ, ನಿಜವಾದ ಗುಹೆಯೊಳಗೆ ಇಳಿದು, ಆಟದ ವರ್ಣನೆಗೂ ಕಲ್ಲಿನ ಗೋಡೆಗೂ ತಾಳೆ ನೋಡಿ, ೨೦೦೭ರಲ್ಲಿ ಒಂದು ದೀರ್ಘ ಲೇಖನವನ್ನು ಪ್ರಕಟಿಸಿದರು. ಎರಡು ಸಂಗತಿ ಖಚಿತವಾದವು. ಒಂದು, ಆಟದ ಭೂಗೋಳ ಬಹುಮಟ್ಟಿಗೆ ನಿಜವಾದ ಗುಹೆಯದೇ. ಇನ್ನೊಂದು, ಕುಳ್ಳರೂ ಮಂತ್ರಶಬ್ದವೂ ಮೊದಲಿನಿಂದಲೇ ಇದ್ದವು. ವುಡ್ಸ್ ಅವನ್ನು ಹುಟ್ಟಿಸಲಿಲ್ಲ, ಬೆಳೆಸಿದ. ಮೂಲಪ್ರತಿಯೊಂದು ಸಿಕ್ಕೊಡನೆ ಮೂವತ್ತು ವರ್ಷಗಳ ಊಹೆ ಹೀಗೆ ಬಿದ್ದುಹೋಯಿತು. ಡಿ. ಎಲ್. ನರಸಿಂಹಾಚಾರ್ಯರು ೧೯೬೪ರ ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಕಲಿಸಿಕೊಟ್ಟ ಎಚ್ಚರ ಇದೇ ಜಾತಿಯದು, ಅದು ಅವರು ಕನಸಿನಲ್ಲಿಯೂ ಎಣಿಸದ ಒಂದು ‘ಗ್ರಂಥ’ಕ್ಕೆ ಒದಗಿಬಂತು.

ಕ್ರೌದರನ ಆಟವನ್ನು ಉಳಿಸಿದ ಮಾರ್ಗ ಪ್ರತಿ ಮಾಡುವ ಮಾರ್ಗ. ಇದಕ್ಕಿಂತ ಜಾಣತನದ ಇನ್ನೊಂದು ಮಾರ್ಗವಿದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕ್ರೌದರ್-ವುಡ್ಸರ ಆಟವನ್ನು ಆಡಿ ಮುಗಿಸಿದ ಎಂ.ಐ.ಟಿ.ಯ ನಾಲ್ವರು, ಟಿಮ್ ಆಂಡರ್ಸನ್, ಮಾರ್ಕ್ ಬ್ಲಾಂಕ್, ಬ್ರೂಸ್ ಡೇನಿಯಲ್ಸ್, ಡೇವ್ ಲೆಬ್ಲಿಂಗ್ ಎಂಬುವರು, ೧೯೭೭ರಲ್ಲಿ ‘ಝೋರ್ಕ್’ ಎಂಬ ಇನ್ನೂ ದೊಡ್ಡ ಆಟಕ್ಕೆ ಕೈಹಾಕಿದರು. ಎರಡೇ ಪದಗಳನ್ನು ತಿಳಿಯುತ್ತಿದ್ದ ಹಿಂದಿನ ಆಟಕ್ಕೆ ಪ್ರತಿಯಾಗಿ ಇದು ಇಡೀ ವಾಕ್ಯವನ್ನು ತಿಳಿಯುತ್ತಿತ್ತು. ೧೯೭೯ರಲ್ಲಿ ಅವರಲ್ಲಿ ಕೆಲವರೂ ಅವರ ಸಂಗಾತಿಗಳೂ ಇನ್ಫೋಕಾಮ್ ಎಂಬ ಕಂಪನಿ ತೆರೆದರು. ಆಗ ಮನೆಮನೆಗೆ ಚಿಕ್ಕ ಗಣಕಗಳು ಬರುತ್ತಿದ್ದ ಕಾಲ: ಆಪಲ್, ಟಿ.ಆರ್.ಎಸ್., ಅಟಾರಿ, ಕಮೋಡೋರ್. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಪ್ರತಿಯೊಂದು ಯಂತ್ರಕ್ಕೂ ಪ್ರತಿಯೊಂದು ಆಟವನ್ನು ಹೊಸದಾಗಿ ಬರೆಯುವುದೆಂದರೆ ಮುಗಿಯದ ಕೆಲಸ. ಜೋಯಲ್ ಬೆರೆಜ್ ಮತ್ತು ಮಾರ್ಕ್ ಬ್ಲಾಂಕ್ ಇದಕ್ಕೊಂದು ಉಪಾಯ ಹೂಡಿದರು. ಎಲ್ಲಿಯೂ ಇಲ್ಲದ, ಕಾಗದದ ಮೇಲಷ್ಟೇ ಇರುವ ಒಂದು ಕಲ್ಪಿತ ಯಂತ್ರವನ್ನು ಅವರು ನಿರೂಪಿಸಿದರು. ಅದರ ಹೆಸರು ಝಡ್-ಯಂತ್ರ. ಆಟಗಳನ್ನೆಲ್ಲ ಆ ಇಲ್ಲದ ಯಂತ್ರಕ್ಕಾಗಿ ಬರೆಯುವುದು. ಆಮೇಲೆ ಪ್ರತಿಯೊಂದು ನಿಜವಾದ ಯಂತ್ರಕ್ಕೂ, ಆ ಕಲ್ಪಿತ ಯಂತ್ರದ ಭಾಷೆಯನ್ನು ಓದಿ ನಡೆಸುವ ಒಂದು ಚಿಕ್ಕ ಪ್ರೋಗ್ರಾಂ ಮಾಡಿಡುವುದು. ಹೊಸ ಯಂತ್ರ ಬಂದರೆ ಹೊಸ ಓದುಗನೊಬ್ಬ ಸಾಕು, ಆಟಗಳನ್ನು ಮುಟ್ಟಬೇಕಿಲ್ಲ.

ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಗಮಕಿಯ ವ್ಯವಸ್ಥೆ. ಕುಮಾರವ್ಯಾಸನ ಭಾರತ ಒಂದೇ. ಗದುಗಿನಲ್ಲಿ ಓದುವ ಗಮಕಿ ಬೇರೆ, ಮೈಸೂರಿನಲ್ಲಿ ಓದುವ ಗಮಕಿ ಬೇರೆ. ತಲೆಮಾರು ಉರುಳಿದಂತೆ ಗಮಕಿ ಬದಲಾಗುತ್ತಾನೆ, ಷಟ್ಪದಿ ಬದಲಾಗುವುದಿಲ್ಲ. ಇನ್ಫೋಕಾಮಿನವರು ವ್ಯಾಪಾರಕ್ಕಾಗಿ ಮಾಡಿದ ಈ ಏರ್ಪಾಡು ಮುಂದೆ ಆಟಗಳ ಪ್ರಾಣ ಉಳಿಸಿತು. ಜಾಗದ ವಿಷಯದಲ್ಲಿಯೂ ಅವರು ಜಿಪುಣರು. ಇಂಗ್ಲಿಷಿನ ಮೂರು ಅಕ್ಷರಗಳನ್ನು ಎರಡು ಬೈಟುಗಳಲ್ಲಿ ಒತ್ತಿ ತುಂಬುತ್ತಿದ್ದರು. ೧೯೮೦ರಲ್ಲಿ ಬಂದ ಝೋರ್ಕಿನ ಮೊದಲ ಭಾಗ ೧೦೦ ಕಿಲೋಬೈಟಿಗೂ ಕಡಿಮೆ. ಇಂದು ಮದುವೆಯ ಕರೆಯೋಲೆಯ ಒಂದು ಚಿತ್ರ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

೧೯೮೬ರಲ್ಲಿ ಆಕ್ಟಿವಿಷನ್ ಎಂಬ ಕಂಪನಿ ಇನ್ಫೋಕಾಮನ್ನು ಕೊಂಡಿತು, ೧೯೮೯ರಲ್ಲಿ ಮುಚ್ಚಿತು. ಚಿತ್ರದ ಆಟಗಳ ಕಾಲ ಬಂದಿತ್ತು, ಓದುವ ಆಟ ಯಾರಿಗೆ ಬೇಕು? ಝಡ್-ಯಂತ್ರದ ಲಕ್ಷಣ ಕಂಪನಿಯ ಗುಟ್ಟಾಗಿತ್ತು. ಹೊರಗಿನವರಿಗೆ ಅದರ ಪೂರ್ತಿ ವಿವರ ತಿಳಿಸಿರಲಿಲ್ಲ. ಓಲೆಯುಂಟು, ಅಕ್ಷರವುಂಟು, ಲಿಪಿ ಬಲ್ಲವರಿಲ್ಲ ಎಂಬ ಸ್ಥಿತಿ. ಆದರೆ ೧೯೮೭ರಷ್ಟು ಹಿಂದೆಯೇ ಆಸ್ಟ್ರೇಲಿಯದ ಕೆಲವು ಆಸಕ್ತರು ಆಟದ ಕಡತಗಳನ್ನು ಬೈಟು ಬೈಟಾಗಿ ಬಿಡಿಸಿ, ಇದು ಬಂದರೆ ಹೀಗಾಗುತ್ತದೆ, ಅದು ಬಂದರೆ ಹಾಗಾಗುತ್ತದೆ ಎಂದು ಗುರುತಿಸುತ್ತ, ಆ ಭಾಷೆಯನ್ನು ಹೊರಗಿನಿಂದಲೇ ಒಡೆಯತೊಡಗಿದ್ದರು. ಶಾಸನಲಿಪಿಯನ್ನು ಓದಿದವರ ವಿಧಾನವೇ ಅದು. ಅವರ ಮೇಲೆ ಇತರರು ಕಟ್ಟಿದರು. ಆಕ್ಸ್‌ಫರ್ಡಿನ ಗ್ರಹಾಂ ನೆಲ್ಸನ್, ಗಣಿತಜ್ಞ, ಕವಿಯೂ ಹೌದು, ೧೯೯೩ರಲ್ಲಿ ‘ಇನ್ಫಾರ್ಮ್’ ಎಂಬ ಸಾಧನವನ್ನು ಬಿಟ್ಟರು. ಅದರಿಂದ ಯಾರು ಬೇಕಾದರೂ ಅದೇ ಝಡ್-ಯಂತ್ರಕ್ಕೆ ಹೊಸ ಆಟಗಳನ್ನು ಬರೆಯಬಹುದಾಯಿತು. ಅಷ್ಟಕ್ಕೇ ನಿಲ್ಲದೆ, ಆ ಯಂತ್ರದ ಲಕ್ಷಣಗಳನ್ನೆಲ್ಲ ಕ್ರಮವಾಗಿ ಹೇಳುವ ಒಂದು ಲಕ್ಷಣಗ್ರಂಥವನ್ನು ೧೯೯೭ರಲ್ಲಿ ಸಿದ್ಧಪಡಿಸಿದರು. ನುಡಿ ಇದ್ದು ಆಮೇಲೆ ಕೇಶಿರಾಜ ಬಂದಂತೆ, ಯಂತ್ರ ಇದ್ದು, ಅದನ್ನು ಮಾಡಿದವರು ಚದುರಿಹೋಗಿ, ಆಮೇಲೆ ಅದಕ್ಕೊಂದು ವ್ಯಾಕರಣ ಬಂತು. ಸ್ಟೆಫಾನ್ ಯೋಕಿಷ್ ೧೯೯೫ರಲ್ಲಿ ಬರೆದ ‘ಫ್ರಾಟ್ಸ್’ ಎಂಬ ಓದುಗ ಪ್ರೋಗ್ರಾಂ ಇಂದಿಗೂ ಬಳಕೆಯಲ್ಲಿದೆ. ೧೯೯೨ರಲ್ಲಿ ಜರ್ಮನಿಯಲ್ಲಿ ಆರಂಭವಾದ ಒಂದು ಭಂಡಾರ ಈ ಆಟಗಳನ್ನೂ ಓದುಗಗಳನ್ನೂ ಕೂಡಿಹಾಕುತ್ತ ಬಂದಿದೆ.

ಒಂದು ಮಾತನ್ನು ಹೇಳದೆ ಬಿಡಲಾರೆ. ಇಷ್ಟೆಲ್ಲ ನಡೆದದ್ದು ಹಕ್ಕುದಾರರ ಆಶ್ರಯದಲ್ಲಿ ಅಲ್ಲ. ಇನ್ಫೋಕಾಮಿನ ಮೂಲಬರಹಗಳನ್ನು ೨೦೧೯ರಲ್ಲಿ ಜೇಸನ್ ಸ್ಕಾಟ್ ಎಂಬ ಸಂಗ್ರಾಹಕ ಲೋಕದ ಮುಂದೆ ಇಟ್ಟಾಗಲೂ ಕಾನೂನಿನ ಒಪ್ಪಿಗೆಯ ಮುದ್ರೆ ಇರಲಿಲ್ಲ. ೨೦೨೩ರಲ್ಲಿ ಆಕ್ಟಿವಿಷನ್ ಮೈಕ್ರೋಸಾಫ್ಟಿನ ಕೈಸೇರಿತು. ೨೦೨೫ರ ನವೆಂಬರಿನಲ್ಲಿ ಮೈಕ್ರೋಸಾಫ್ಟಿನವರು ಝೋರ್ಕಿನ ಮೂರು ಭಾಗಗಳ ಮೂಲವನ್ನು ಯಾರು ಬೇಕಾದರೂ ಬಳಸಬಹುದೆಂಬ ಪರವಾನಗಿಯೊಡನೆ ಬಿಟ್ಟುಕೊಟ್ಟರು. ಕ್ರೌದರ್-ವುಡ್ಸರಾದರೋ ೨೦೧೭ರಲ್ಲಿಯೇ ತಮ್ಮ ಆಟವನ್ನು ಪ್ರಕಟಿಸಲು ಎರಿಕ್ ರೇಮಂಡ್ ಎಂಬುವರಿಗೆ ಒಪ್ಪಿಗೆ ಕೊಟ್ಟಿದ್ದರು. ಕರ್ತೃಗಳಿಂದ ಸುಲಭವಾಗಿ ಬಂದ ಅನುಮತಿ ಕಂಪನಿಯಿಂದ ಬರಲು ಮೂವತ್ತಾರು ವರ್ಷ ಹಿಡಿಯಿತು. ಅಷ್ಟರವರೆಗೆ ಕಾಯುತ್ತ ಕುಳಿತಿದ್ದರೆ ಆ ಫ್ಲಾಪಿಗಳಲ್ಲಿ ಎಷ್ಟು ಉಳಿದಿರುತ್ತಿದ್ದವೋ! ಮಠದ ಅಟ್ಟದಲ್ಲಿಯ ಓಲೆಗರಿಗಳನ್ನು ತೋರಿಸಲು ಒಪ್ಪದ ಒಡೆಯರನ್ನು ನಾವೂ ಕಂಡಿದ್ದೇವೆ; ಗೆದ್ದಲು ಮಾತ್ರ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಇಂಥ ಆಟ ಕನ್ನಡದಲ್ಲಿ ಆದರೆ ಹೇಗಿದ್ದೀತು? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ, ವ್ಯಾಕರಣದ ಪ್ರಶ್ನೆ. ಇನ್ಫಾರ್ಮನ್ನು ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ನುಡಿಗಳಿಗೆ ಒಗ್ಗಿಸಿದ್ದಾರೆ. ನಮ್ಮ ನುಡಿಯ ಜಾಯಮಾನ ಬೇರೆ. ಪಿಡಿಪಿ-೧೦ರ ಒಂದು ಮಾತೃಕೆಯ ಮನೆಯಲ್ಲಿ ಐದೇ ಅಕ್ಷರ ಹಿಡಿಯುತ್ತಿದ್ದವು. ಆದುದರಿಂದ ಕ್ರೌದರನ ಆಟ ಪ್ರತಿ ಪದದ ಮೊದಲ ಐದು ಅಕ್ಷರಗಳನ್ನಷ್ಟೇ ನೋಡಿ ಉಳಿದುದನ್ನು ಬಿಟ್ಟುಬಿಡುತ್ತಿತ್ತು. ಸೋಜಿಗವೆಂದರೆ ಈ ಮೊಂಡು ಉಪಾಯ ಕನ್ನಡಕ್ಕೆ ಅರ್ಧ ಒಪ್ಪುತ್ತದೆ. ನಮ್ಮಲ್ಲಿ ಪ್ರಕೃತಿ ಮುಂದೆ, ಪ್ರತ್ಯಯ ಹಿಂದೆ. ದೀಪ, ದೀಪವನ್ನು, ದೀಪಕ್ಕೆ, ದೀಪದಿಂದ, ಯಾವುದನ್ನು ಕತ್ತರಿಸಿದರೂ ತಲೆಯಲ್ಲಿ ದೀಪ ಉಳಿಯುತ್ತದೆ. ಆದರೆ ಹಾವು ಎಂಬುದು ಹಾವನ್ನು, ಹಾವಿಗೆ ಎಂದಾಗ ಲೋಪಸಂಧಿ ಬಂದು ಕೊನೆಯ ಸ್ವರವೇ ಹೋಗುತ್ತದೆ. ಹಕ್ಕಿ ಎಂಬುದು ಹಕ್ಕಿಯನ್ನು ಎಂದಾಗ ಯಕಾರ ಬಂದು ಸೇರುತ್ತದೆ. ಪ್ರತ್ಯಯವನ್ನು ಕತ್ತರಿಸಿ ಎಸೆಯುವಂತೆಯೂ ಇಲ್ಲ. ಆ ಆಟದಲ್ಲಿ ಹಾವೊಂದು ದಾರಿಗಡ್ಡ ಮಲಗಿರುತ್ತದೆ, ಪಂಜರದ ಹಕ್ಕಿಯನ್ನು ಬಿಟ್ಟರೆ ಅದು ಹಾವನ್ನು ಓಡಿಸುತ್ತದೆ. ‘ಹಕ್ಕಿಗೆ ಹಾವನ್ನು ತೋರಿಸು’ ಎಂದರೂ ‘ಹಾವನ್ನು ಹಕ್ಕಿಗೆ ತೋರಿಸು’ ಎಂದರೂ ಕನ್ನಡಿಗನಿಗೆ ಒಂದೇ. ‘ಹಾವಿಗೆ ಹಕ್ಕಿಯನ್ನು ತೋರಿಸು’ ಎಂದರೆ ಬೇರೆ. ಪದಗಳ ಸ್ಥಾನ ನೋಡಿ ಅರ್ಥ ಮಾಡುವ ಯಂತ್ರ ಇಲ್ಲಿ ದಾರಿ ತಪ್ಪುತ್ತದೆ. ವಿಭಕ್ತಿ ನೋಡುವ ಯಂತ್ರ ಬೇಕು. ಇನ್ನು ಗೋಕಾಕದವನೊಬ್ಬ ಕುಳಿತು ‘ಹಕ್ಕೀನ ಬಿಡ’ ಎಂದು ಒತ್ತಿದರೆ ಆ ಯಂತ್ರ ತಬ್ಬಿಬ್ಬಾಗದಿರಲು ನಮ್ಮ ಸೀಮೆಯ ಸೊಲ್ಲನ್ನೂ ಅದಕ್ಕೆ ಕಲಿಸಿರಬೇಕು.

ಅದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಇಂಗ್ಲಿಷಿನಲ್ಲಿ ಯಂತ್ರ ಆಡುವವನನ್ನು ‘ಯೂ’ ಎನ್ನುತ್ತದೆ, ಚಿಂತೆಯಿಲ್ಲ. ಕನ್ನಡದಲ್ಲಿ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ಮೇಲೆ ನಾನು ‘ನೀವು’ ಎಂದು ಅನುವಾದಿಸಿದೆ, ಸಭಾಮರ್ಯಾದೆಗಾಗಿ. ಆದರೆ ಕತ್ತಲೆಯ ಗುಹೆಯಲ್ಲಿ ನಿಂತವನಿಗೆ ‘ತಾವು ಬಾವಿಗೆ ಬಿದ್ದಿದ್ದೀರಿ’ ಎಂದರೆ ತಹಶೀಲದಾರರ ನೋಟೀಸಿನಂತೆ ಕೇಳುತ್ತದೆ. ‘ನೀನು’ ಎಂದರೆ ಅಜ್ಜಿ ಕತೆ ಹೇಳಿದಂತಾಗುತ್ತದೆ. ನನ್ನ ಮತ ಅಜ್ಜಿಯ ಕಡೆಗೆ.

ಇದು ಮುಂದೆಂದೋ ಆಗಬಹುದಾದ ಆಟದ ಮಾತು. ಇದೀಗ ಆಗಬೇಕಾದ ಕೆಲಸ ಬೇರೆ, ಅದು ಆಟವಲ್ಲ. ಕನ್ನಡ ಗಣಕಯಂತ್ರಕ್ಕೆ ಬಂದ ಮೊದಲ ದಶಕಗಳ ಬರಹ ಇಂದು ಝಡ್-ಯಂತ್ರದ ಕಡತಗಳಿದ್ದ ಸ್ಥಿತಿಯಲ್ಲಿಯೇ ಇದೆ. ಕೆ. ಪಿ. ರಾವ್ ಅವರು ಸುಲಭವಾದ ಕೀಲಿಮಣೆಯನ್ನು ರೂಪಿಸಿ, ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಬಿಟ್ಟಿಯಾಗಿ ಹಂಚಿದರು. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರಕಾರ ಒಪ್ಪಿಕೊಂಡಿತು. ಅಚ್ಚಿನ ಮನೆಗಳಲ್ಲಿ ಇನ್ನೂ ಬೇರೆ ಬೇರೆ ಖಾಸಗಿ ತಂತ್ರಾಂಶಗಳು. ಇವರೆಲ್ಲರ ಉಪಕಾರ ದೊಡ್ಡದು. ಅವರಿಲ್ಲದಿದ್ದರೆ ಆ ಕಾಲದಲ್ಲಿ ಕನ್ನಡದ ಒಂದು ಪುಟವೂ ಗಣಕದಿಂದ ಹೊರಡುತ್ತಿರಲಿಲ್ಲ. ಆದರೆ ಯಂತ್ರದೊಳಗೆ ಕನ್ನಡಕ್ಕೆ ಆಗ ಸ್ವಂತ ಮನೆ ಇರಲಿಲ್ಲ. ರೋಮನ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಇಟ್ಟಿದ್ದರು. ಯಂತ್ರ ಅಲ್ಲಿ ರೋಮನ್ ‘ಪಿ’ ಇದೆಯೆಂದು ತಿಳಿದಿರುತ್ತದೆ. ಫಾಂಟು ಅದಕ್ಕೆ ‘ಕ’ದ ವೇಷ ತೊಡಿಸಿ ತೋರಿಸುತ್ತದೆ. ಫಾಂಟು ಹೋಯಿತೆಂದರೆ ವೇಷ ಕಳಚಿತು. ನುಡಿಯ ಸಂಕೇತದಲ್ಲಿ ‘ಕನ್ನಡ’ ಎಂದು ಬರೆದುದನ್ನು ಇಂದಿನ ಫೋನಿನಲ್ಲಿ ತೆರೆದರೆ ಮೊದಲಿಗೆ ರೋಮನ್ ‘ಪಿ’, ‘ನ’ಕಾರವಿದ್ದಲ್ಲಿ ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು, ನಡುನಡುವೆ ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’ಗಳು. ಕನ್ನಡವೆಂಬ ಹೆಸರೇ ಲೇವಾದೇವಿಯ ಕಾಗದದಂತೆ ಕಾಣುತ್ತದೆ.

೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರದೇ ಮನೆ ದೊರೆತಿತ್ತು. ೨೦೦೧ರ ವಿಂಡೋಸ್ ಎಕ್ಸ್‌ಪಿಯಿಂದ ಸಾಮಾನ್ಯ ಯಂತ್ರಗಳಲ್ಲಿಯೂ ಅದು ಕಾಣಿಸತೊಡಗಿತು. ಆದರೂ ಹಳೆಯ ಸಂಕೇತದ ಬಳಕೆ ಬಹುಕಾಲ 
ನಿಲ್ಲಲಿಲ್ಲ, ಅಚ್ಚಿನ ಮನೆಗಳಲ್ಲಿ ಈಗಲೂ ಪೂರ್ತಿ ನಿಂತಿಲ್ಲ. ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳು ಬಂದಿವೆ. ಇವು ಬರಿಯ ಅಕ್ಷರಕ್ಕೆ ಅಕ್ಷರ ಬದಲಿಸುವ ಯಂತ್ರಗಳಲ್ಲ. ‘ಧರ್ಮ’ ಎಂಬಲ್ಲಿ ರೇಫವನ್ನು ಮೊದಲು ಉಚ್ಚರಿಸುತ್ತೇವೆ, ಅರ್ಕಾವೊತ್ತನ್ನು ಮಕಾರ ಆದ ಮೇಲೆ ಬರೆಯುತ್ತೇವೆ. ಹಳೆಯ ಸಂಕೇತ ಬರೆಯುವ ಕ್ರಮವನ್ನು ಹಿಡಿಯಿತು. ಯೂನಿಕೋಡ್ ಉಚ್ಚರಿಸುವ ಕ್ರಮವನ್ನು ಹಿಡಿಯಿತು. ಪರಿವರ್ತಕ ಆ ಅರ್ಕಾವೊತ್ತನ್ನು ಎತ್ತಿಕೊಂಡು ಹಿಂದಕ್ಕೆ ಬಂದು ಕೂರಿಸಬೇಕು. ಅಂದರೆ ಅದಕ್ಕೆ ಕಾಗುಣಿತ ಬರಬೇಕು. ೨೦೧೩ರಲ್ಲಿ ಬಂದ ‘ವಚನ ಸಂಚಯ’ದಲ್ಲಿ ೨೦,೦೦೦ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ ಇಟ್ಟು, ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕುವ ಅನುಕೂಲ ಮಾಡಿದ್ದಾರೆ, ಆಸಕ್ತರ ಚಿಕ್ಕ ತಂಡವೊಂದು ಮಾಡಿದ ದೊಡ್ಡ ಕೆಲಸವಿದು.

ವಚನಗಳಿಗೆ ಹತ್ತಾರು ಮುದ್ರಿತ ಆವೃತ್ತಿಗಳಿವೆ. ಅವು ಹೇಗೂ ಉಳಿಯುತ್ತವೆ. ಕಡತದಲ್ಲಿ ಮಾತ್ರ ಇರುವ ಬರಹಗಳ ಗತಿಯೇನು? ೨೦೦೧ರ ಸುಮಾರಿಗೆ ಮಸಗುಪ್ಪಿ, ಕುಲಗೋಡ ಕಡೆಯ ಹಾಡಿಕೆಯವರಿಂದ ಬರೆದುಕೊಂಡ ಸವಾಲು-ಜವಾಬುಗಳನ್ನು ನಾನು ಒಂದು ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದ್ದೆ. ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ಬರೆದ ವಹಿಗಳಲ್ಲಿ ಎರಡನ್ನು ಗೆದ್ದಲು ತಿಂದಿತು. ಕಡತ ಉಳಿದಿದೆ, ಆದರೆ ಅಂಗಡಿಯವರು ಬಳಸಿದ ಫಾಂಟು ಯಾವುದೆಂದು ಹೇಳುವವರಿಲ್ಲ, ಅಂಗಡಿಯೇ ಇಲ್ಲ. ಸಾಮಾನ್ಯ ಪರಿವರ್ತಕಗಳಿಗೆ ಹಾಕಿದರೆ ಅರ್ಥವಿಲ್ಲದ ಅಕ್ಷರರಾಶಿ ಬಂತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕೂಡಿ ಕುಳಿತರು. ನಮಗೆ ಕೀಲಿ ದೊರಕಿಸಿದ್ದು ಹಾಡಿಕೆಯ ಪದ್ಧತಿಯೇ. ಪ್ರತಿ ನುಡಿಯ ಕೊನೆಗೆ ‘ಗೀ ಗೀ’ ಎಂಬ ಸೊಲ್ಲು ಮರುಕಳಿಸುತ್ತದೆ. ಒಂದೇ ಗುರುತಿನ ಜೋಡಿ ಸಾಲಿನ ಕೊನೆಯಲ್ಲಿ ಮತ್ತೆಮತ್ತೆ ಎಲ್ಲಿ ಬರುತ್ತದೆಯೋ ಅದು ‘ಗೀ’ ಆಗಿರಲೇಬೇಕು. ಗಕಾರ ಸಿಕ್ಕಿತು, ದೀರ್ಘದ ಗುರುತು ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಗುರುತು ತಲಕಟ್ಟು. ಹರ, ಶಿವ, ನಾಗೇಶಿ ಎಂಬ ಹೆಸರುಗಳು ಬರಬೇಕಾದ ಎಡೆಗಳು ಗೊತ್ತು. ಹೀಗೆ ವಾರಗಟ್ಟಲೆ ಕುಳಿತು ಒಂದು ಪಟ್ಟಿ ಮಾಡಿದೆವು. ಗೆದ್ದಲು ಬಿಟ್ಟ ಮೂರನೆಯ ವಹಿಯ ಕೈಬರಹದೊಡನೆ ತಾಳೆ ನೋಡಿದಾಗ ಪಟ್ಟಿ ಬಹುಮಟ್ಟಿಗೆ ಸರಿಯಾಗಿತ್ತು. ಕೆಲವು ಒತ್ತಕ್ಷರಗಳು ಇನ್ನೂ ಬಗೆಹರಿದಿಲ್ಲ. ಅಂಥ ಎಡೆಗಳಲ್ಲಿ ಊಹಿಸಿ ತುಂಬದೆ ಚುಕ್ಕೆಗಳನ್ನಿಟ್ಟಿದ್ದೇವೆ. ಅದು ಸಂಪಾದಕನ ಧರ್ಮ.

ಜಿಲ್ಲೆ ಜಿಲ್ಲೆಯ ಪ್ರಬಂಧಗಳು, ನಾಟಕಮಂಡಳಿಗಳ ಪ್ರತಿಗಳು, ನಿಂತುಹೋದ ಚಿಕ್ಕ ಪತ್ರಿಕೆಗಳ ಪುಟಗಳು ಇದೇ ಸ್ಥಿತಿಯಲ್ಲಿ ಸಿ.ಡಿ.ಗಳಲ್ಲಿಯೂ ಫ್ಲಾಪಿಗಳಲ್ಲಿಯೂ ಬಿದ್ದಿವೆ. ಝಡ್-ಯಂತ್ರದವರಿಗೆ ಒಡೆಯಬೇಕಾದ ಭಾಷೆ ಒಂದೇ ಇತ್ತು. ನಮಗೆ ಅಂಗಡಿಗೊಂದು, ಅಚ್ಚಿನ ಮನೆಗೊಂದು. ಆದುದರಿಂದ ಇಂಥ ಕಡತಗಳು ಮನೆಯಲ್ಲಿರುವವರು ಕಡತದ ಜೊತೆಗೆ ಅದರ ಫಾಂಟಿನ ಪ್ರತಿಯನ್ನೂ ತೆಗೆದಿಡಬೇಕು. ಫಾಂಟು ಸಿಗದಿದ್ದರೆ ಅದರ ಹೆಸರನ್ನಾದರೂ ಒಂದು ಚೀಟಿಯಲ್ಲಿ ಬರೆದಿಡಬೇಕು. ಹೆಸರೂ ನೆನಪಿಲ್ಲವೆಂದರೆ, ಆ ಕಡತದಿಂದ ಅಂದು ಅಚ್ಚಾದ ಒಂದೇ ಒಂದು ಹಾಳೆ ಎಲ್ಲಿಯಾದರೂ ಇದ್ದೀತು, ಅದನ್ನು ಹುಡುಕಿ ಸಿ.ಡಿ.ಯ ಲಕೋಟೆಯಲ್ಲಿಯೇ ಇಡಬೇಕು. ಓದಬಲ್ಲವರಿಗೆ ಆ ಒಂದು ಹಾಳೆ ಸಾಕು.